ನೀಲಿ ದ್ರಾಕ್ಷಿ, ನಿಂಬೆ, ವೋಡ್ಕಾ: ಮನೆಯಲ್ಲಿ ನಾನು ಮಾಡುವ ರೀತಿ

ಹಣ್ಣಿನ ಕಾಕ್‌ಟೇಲ್ ಅಂದರೆ ಸಿಹಿಯಾಗಿರಬೇಕು ಅಂದುಕೊಂಡವರೇ ಜಾಸ್ತಿ. ಡಬ್ಬಿ ಜ್ಯೂಸ್ ಸುರಿದು, ಮೇಲೆ ವೋಡ್ಕಾ ಸುರಿದು, ನಾಲ್ಕು ಐಸ್ ಹಾಕಿದರೆ ಆಯ್ತು ಅಂತ. ಮೊದಲ ಗುಟುಕು ಚೆನ್ನಾಗಿಯೇ ಇರುತ್ತದೆ, ಅರ್ಧ ಗ್ಲಾಸ್ ಮುಗಿಯುವಷ್ಟರಲ್ಲಿ ಆ ಸಿಹಿ ಮುಖಕ್ಕೆ ಹೊಡೆಯುತ್ತದೆ. ವೋಡ್ಕಾಗೆ ಹೇಳಿಕೊಳ್ಳುವಂಥ ಸ್ವಂತ ರುಚಿ ಇಲ್ಲ. ಹಾಗಾಗಿ ನಾಲಿಗೆಗೆ ಸಿಗುವುದೆಲ್ಲ ಹಣ್ಣಿನದ್ದು, ಹುಳಿಯದ್ದು. ಹುಳಿ ಸರಿಯಾಗಿ ಕೂತರೆ ಅರ್ಧ ಕೆಲಸ ಮುಗಿಯಿತು.

ನಾನು ಮಾಡುವುದು ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ. ತಳ್ಳುಗಾಡಿಯವರು ಕಪ್ಪು ದ್ರಾಕ್ಷಿ ಅಂತಲೇ ಮಾರುತ್ತಾರೆ. ಬೀಜ ಇರುತ್ತದೆ, ಸಿಪ್ಪೆ ದಪ್ಪ, ಮೂಗಿನ ಹತ್ತಿರ ಹಿಡಿದರೆ ಘಮ್ ಅನ್ನುತ್ತದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ ಹಣ್ಣು ಇದು, 2013ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಹಣ್ಣು ತರಕಾರಿ ಮಾರುವ ನಮ್ಮ ಹಾಪ್‌ಕಾಮ್ಸ್ ಕೂಡ 1959ರಲ್ಲಿ ಶುರುವಾಗಿದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ. ಬೀಜವಿಲ್ಲದ ಹಸಿರು ದ್ರಾಕ್ಷಿ ತಿನ್ನೋಕೆ ಚೆನ್ನ, ಆದರೆ ವೋಡ್ಕಾ ಬಿದ್ದ ತಕ್ಷಣ ಅದರ ರುಚಿ ಮಾಯ. ನೀಲಿ ದ್ರಾಕ್ಷಿ ಹಾಗಲ್ಲ, ಅದರಲ್ಲಿ ಸಿಹಿ, ಹುಳಿ, ಸ್ವಲ್ಪ ಒಗರು ಮೂರೂ ಇದೆ.

ಒಂದು ಹಣ್ಣು ತಗೊಂಡು ಬೆರಳಲ್ಲಿ ಒತ್ತಿ ನೋಡಿ. ಒಳಗಿನ ತಿರುಳು ಪುಳಕ್ ಅಂತ ಜಾರಿ ಆಚೆ ಬರುತ್ತದೆ, ಸಿಪ್ಪೆ ಖಾಲಿ ಚೀಲದ ಹಾಗೆ ಕೈಯಲ್ಲೇ ಉಳಿಯುತ್ತದೆ. ತಿರುಳಿಗೆ ಬಣ್ಣವೇ ಇಲ್ಲ, ತಿಳಿ ಹಸಿರು ಅಷ್ಟೆ. ಬಣ್ಣ ಮತ್ತು ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಅದಕ್ಕೇ ಸುಮ್ನೆ ಹಿಂಡಿದರೆ ಸಾಲದು, ಬಿಸಿ ಮಾಡಬೇಕು. ಮಿಕ್ಸಿಗಂತೂ ಹಾಕಲೇಬೇಡಿ, ಬೀಜ ಅರೆದರೆ ರಸವೆಲ್ಲ ಕಹಿ.

ಅರ್ಧ ಕಿಲೋ ಹಣ್ಣು ಬಿಡಿಸಿ, ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ತೊಳೆಯುತ್ತೇನೆ. ದಪ್ಪ ತಳದ ಪಾತ್ರೆಗೆ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಸಿಪ್ಪೆ ಒಡೆದು ನೀರು ನೇರಳೆ ಆಗುತ್ತಾ ಬರುತ್ತದೆ. ಸೌಟಿನ ಹಿಂಭಾಗದಿಂದ ಮೆಲ್ಲಗೆ ಒತ್ತಬೇಕು, ಜಜ್ಜಬಾರದು. ಕುದಿ ಜಾಸ್ತಿ ಆದರೆ ಪರಿಮಳ ಹೋಗಿ ಜಾಮ್ ವಾಸನೆ ಬರುತ್ತದೆ, ಆದ್ದರಿಂದ ಒಲೆ ಬಿಟ್ಟು ಎಲ್ಲೂ ಹೋಗಬೇಡಿ. ಆರಿದ ಮೇಲೆ ಮೊದಲು ಜರಡಿಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿದರೆ ಹೆಚ್ಚುಕಮ್ಮಿ 300 ಎಂಎಲ್ ರಸ ಸಿಗುತ್ತದೆ. ಬಿಳಿ ಬಟ್ಟೆ ಬಳಸಿದರೆ ಅದನ್ನು ಮರೆತುಬಿಡಿ, ಆ ಕಲೆ ಹೋಗಲ್ಲ. ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಧಾರಾಳವಾಗಿ ಇರುತ್ತದೆ. ಒಂದೊಂದು ಸಲ ತಳದಲ್ಲಿ ಹೊಳೆಯುವ ಸಣ್ಣ ಹರಳು ಕೂತಿರುತ್ತದೆ. ಗಾಬರಿ ಬೇಡ, ದ್ರಾಕ್ಷಿಯದ್ದೇ ಹುಳಿ ಅದು, ತಣ್ಣಗಾದಾಗ ಹರಳುಗಟ್ಟುತ್ತದೆ. ಅಲುಗಾಡಿಸದೆ ಮೇಲಿನ ರಸ ಬಗ್ಗಿಸಿಕೊಂಡರೆ ಸಾಕು.

ವೋಡ್ಕಾ ಮಧ್ಯಮ ಬೆಲೆಯದ್ದು, ಫ್ಲೇವರ್ ಇಲ್ಲದ್ದು. ಹಸಿರು ಸೇಬು, ಕಿತ್ತಳೆ ಅಂತ ಬರುತ್ತಲ್ಲ, ಅವು ತಾಜಾ ಹಣ್ಣಿನ ಜೊತೆ ಜಗಳಕ್ಕೆ ನಿಲ್ಲುತ್ತವೆ. ದುಬಾರಿ ಬಾಟಲಿ ಇದಕ್ಕೆ ದಂಡ.

ಒಂದು ಗ್ಲಾಸಿಗೆ ನನ್ನ ಅಳತೆ: ವೋಡ್ಕಾ 60 ಎಂಎಲ್, ದ್ರಾಕ್ಷಿ ರಸ 60, ನಿಂಬೆ ರಸ 20, ಸಕ್ಕರೆ ಪಾಕ 10. ಪಾಕ ಅಂದರೆ ಸಕ್ಕರೆ, ನೀರು ಸಮಸಮ ಬಿಸಿ ಮಾಡಿ ಕರಗಿಸಿದ್ದು, ಎಳೆ ಪಾಕ ಗೀಕ ಏನೂ ಬೇಡ. ಜೊತೆಗೆ ಒಂದೇ ಒಂದು ಚಿಟಿಕೆ ಉಪ್ಪು. ಉಪ್ಪು ನಾಲಿಗೆಗೆ ಗೊತ್ತಾಗಬಾರದು, ಆದರೆ ಹಾಕದಿದ್ದರೆ ಏನೋ ಕಮ್ಮಿ ಅನಿಸುತ್ತದೆ. ಅಳತೆಗೆ ಪೆಗ್ ಮೆಷರ್ ಇಲ್ಲದಿದ್ದರೆ ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಇರುವ ಮುಚ್ಚಳ ತೊಳೆದು ಇಟ್ಟುಕೊಳ್ಳಿ. ಕಣ್ಣಂದಾಜು ಸಾರಿಗೆ ನಡೆಯುತ್ತದೆ, ಇದಕ್ಕೆ ನಡೆಯಲ್ಲ. 5 ಎಂಎಲ್ ನಿಂಬೆ ಹೆಚ್ಚುಕಮ್ಮಿ ಆದರೂ ರುಚಿ ಬೇರೆಯಾಗುತ್ತದೆ. ಹಣ್ಣೂ ಪ್ರತಿ ಸಲ ಒಂದೇ ಥರ ಇರಲ್ಲ ಅಲ್ವಾ, ಅದಕ್ಕೆ ಕಲಸುವ ಮುಂಚೆ ರಸವನ್ನು ಒಂದು ಚಮಚ ಬಾಯಿಗೆ ಹಾಕಿ ನೋಡಿ, ಆಮೇಲೆ ಪಾಕ ಎಷ್ಟು ಅಂತ ತೀರ್ಮಾನಿಸಿ. ನಿಂಬೆ ಬೀಳುತ್ತಿದ್ದ ಹಾಗೆ ನೇರಳೆ ಬಣ್ಣ ಕೆಂಪಿನ ಕಡೆ ತಿರುಗುತ್ತದೆ, ನೋಡೋಕೆ ಮಜಾ.

ಶೇಕರ್ ಬೇಕೇಬೇಕು ಅಂತಿಲ್ಲ. ಬಿಗಿ ಮುಚ್ಚಳದ, ಅಗಲ ಬಾಯಿಯ ಒಂದೇ ಪದರದ ಸ್ಟೀಲ್ ಬಾಟಲಿ ಆದರೆ ಸಾಕು. ಉಪ್ಪಿನಕಾಯಿ ಹಾಕಿದ್ದ ಜಾಡಿ ಮಾತ್ರ ಬೇಡ, ಎಷ್ಟು ತೊಳೆದರೂ ಮುಚ್ಚಳದಲ್ಲಿ ಇಂಗಿನ ವಾಸನೆ ಇದ್ದೇ ಇರುತ್ತದೆ. ಐಸ್ ಮುಕ್ಕಾಲು ಭಾಗ ತುಂಬಿ, ಮುಚ್ಚಿ, ಜೋರಾಗಿ ಹದಿನೈದು ಸೆಕೆಂಡ್ ಅಲ್ಲಾಡಿಸಿ. ಕೈಗೆ ಕೊರೆಯುವಷ್ಟು ತಣ್ಣಗಾಗಿ, ಹೊರಗೆ ಮಂಜು ಕಟ್ಟಿದರೆ ಆಯ್ತು ಅಂತ ಅರ್ಥ. ಇಲ್ಲಿ ಐಸ್ ಬರೀ ತಂಪಿಗಲ್ಲ, ಕರಗಿದ ನೀರೂ ಪಾನೀಯದ ಭಾಗವೇ, ಅದಿಲ್ಲದಿದ್ದರೆ ಗಂಟಲಿಗೆ ಹೊಡೆಯುತ್ತದೆ. ಅದಕ್ಕೇ ನಾನು ವೋಡ್ಕಾನ ಫ್ರೀಜರ್‌ನಲ್ಲಿ ಇಡಲ್ಲ. ತೀರಾ ತಣ್ಣಗಿದ್ದರೆ ಐಸ್ ಸರಿಯಾಗಿ ಕರಗುವುದಿಲ್ಲ. ಇನ್ನು ಐಸ್ ಟ್ರೇ ಪಕ್ಕದಲ್ಲಿ ಮೀನೋ ಮಸಾಲೆಯೋ ಇದ್ದರೆ ಆ ವಾಸನೆ ನೇರ ಗ್ಲಾಸಿಗೆ ಬರುತ್ತದೆ, ಟ್ರೇಗೆ ಮುಚ್ಚಳ ಇರಲಿ.

ಟೀ ಸೋಸುವ ಜರಡಿಯಲ್ಲಿ ಸೋಸಿ ಬಗ್ಗಿಸಿದರೆ ಮೇಲೆ ಗುಲಾಬಿ ನೊರೆ ನಿಲ್ಲುತ್ತದೆ. ನೊರೆ ಇನ್ನೂ ಬೇಕಾದರೆ ಬಾರಲ್ಲಿ ಮೊಟ್ಟೆಯ ಬಿಳಿ ಹಾಕುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ನಡೆಯಲ್ಲ, ನಾನು ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು ಎರಡು ಚಮಚ ಹಾಕುತ್ತೇನೆ. ಕಡಲೆ ವಾಸನೆ ಬರಲ್ಲ, ಉಪ್ಪು ಹಾಕದೆ ಬೇಯಿಸಿರಬೇಕು ಅಷ್ಟೆ. ಸೋಡಾ ಬೇಕೆನ್ನುವವರಿಗೆ ಕೊನೆಯಲ್ಲಿ ಗ್ಲಾಸಿಗೇ ಸುರಿಯಿರಿ. ಬಾಟಲಿಗೆ ಹಾಕಿ ಅಲ್ಲಾಡಿಸಿದರೆ ಗೋಡೆ, ಸೀಲಿಂಗ್ ಎಲ್ಲ ನೇರಳೆ.

ಜನ ಜಾಸ್ತಿ ಬಂದರೆ ಒಂದೊಂದೇ ಅಲ್ಲಾಡಿಸುತ್ತಾ ಅಡುಗೆಮನೆಯಲ್ಲೇ ಸಂಜೆ ಕಳೆಯಬೇಕಾಗುತ್ತದೆ. ಆಗ ಜಗ್‌ನಲ್ಲಿ ಒಟ್ಟಿಗೆ ಕಲಸಿ, ಗ್ಲಾಸಿಗೆ 30 ಎಂಎಲ್ ಲೆಕ್ಕದಲ್ಲಿ ಕುಡಿಯುವ ನೀರು ಸೇರಿಸಿ, ಎರಡು ಗಂಟೆ ಫ್ರಿಜ್‌ನಲ್ಲಿಡಿ. ನಿಂಬೆ ಮಾತ್ರ ಕೊಡುವ ಹೊತ್ತಿಗೆ ಹಿಂಡಿ. ಗಾಡಿ ಓಡಿಸುವವರಿಗೆ ಅದೇ ರಸ, ನಿಂಬೆ, ಉಪ್ಪು, ಸೋಡಾ, ವೋಡ್ಕಾ ಇಲ್ಲದೆ. ಬಣ್ಣ ಹೆಚ್ಚುಕಮ್ಮಿ ಒಂದೇ ಥರ ಕಾಣುವುದರಿಂದ ಆ ಗ್ಲಾಸಿಗೆ ಪುದೀನ ಸಿಕ್ಕಿಸಿಡಿ, ಅದಲು ಬದಲು ಆಗಲ್ಲ. ಅಂದಹಾಗೆ, ಒಂದು ಗ್ಲಾಸ್ ಅಂದರೆ ಇಲ್ಲಿ ಪೂರ್ತಿ ಒಂದು ಲಾರ್ಜ್, 60 ಎಂಎಲ್ ವೋಡ್ಕಾ. ಹಣ್ಣಿನ ರುಚಿಗೆ ಅದು ಗೊತ್ತೇ ಆಗಲ್ಲ, ಬಂದವರಿಗೆ ಮೊದಲೇ ಹೇಳಿಬಿಡಿ.

ದ್ರಾಕ್ಷಿ ಸಿಗದಾಗ ಪುನರ್ಪುಳಿಯಲ್ಲೂ (ಕೋಕಂ) ಮಾಡಬಹುದು. ಒಣ ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಸಿಟ್ಟು ಸೋಸಿಕೊಳ್ಳಿ. ಅದು ತಾನೇ ಹುಳಿ, ಆದ್ದರಿಂದ ನಿಂಬೆ ಪೂರ್ತಿ ಬಿಟ್ಟು ಪಾಕವನ್ನು 20ಕ್ಕೆ ಏರಿಸಿ. ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿದ್ದರೆ ಆ ಚಿಟಿಕೆ ಉಪ್ಪೂ ಬೇಡ.