ಬಿರುದಿನೊಳಗಿನ ಇಬ್ಬರು

ನಮ್ಮೂರ ಬ್ರಾಂಚ್ ಪೋಸ್ಟ್ ಆಫೀಸು ಅಂದರೆ ನಮ್ಮನೆ ಜಗಲಿಯ ಒಂದು ಮೂಲೆ. ಒಂದು ಮೇಜು, ಒಂದು ತಕ್ಕಡಿ, ಮೊಹರು, ಶಾಯಿ ಪ್ಯಾಡು. ಮಧ್ಯಾಹ್ನ ಟಪಾಲು ಚೀಲ ಹೋದ ಮೇಲೆ ನನಗೆ ಕೆಲಸ ಕಡಿಮೆ. ಶಾಲೆ ಬಿಟ್ಟ ಮಕ್ಕಳು ಸಾಗರದ ಕಡೆಯಿಂದ ಬರುವ ಬಸ್ಸಿಗೆ ಕಾಯುತ್ತ ಅದೇ ಜಗಲಿಯಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ಆ ಬಸ್ಸು ಯಾವಾಗ ಬರುತ್ತದೆ ಅಂತ ಅದರ ಡ್ರೈವರಿಗೂ ಗೊತ್ತಿರುವುದಿಲ್ಲ. ಅಂಥ ಒಂದು ಆರಿದ್ರಾ ಮಳೆಯ ಸಂಜೆ, ಅವರ ಗಲಾಟೆ ತಡೆಯಲಾರದೆ, ಕೆಳದಿಯ ಕಥೆ ಹೇಳತೊಡಗಿದೆ.

ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವಂಥದ್ದೇ. ಚೌಡಪ್ಪ, ಭದ್ರಪ್ಪ ಅಂತ ಅಣ್ಣತಮ್ಮ. ಹುತ್ತದ ಮೇಲೆ ಹಾಲು ಸುರಿಸುವ ಹಸು. ಹುತ್ತದೊಳಗೆ ಲಿಂಗ. ಆಮೇಲೆ ನೆಲದಲ್ಲಿ ಹೂತಿಟ್ಟ ನಿಧಿ. ಅದನ್ನು ಎತ್ತಬೇಕಾದರೆ ನರಬಲಿ ಆಗಬೇಕು ಅಂತ ಕನಸು. ಮನೆಯ ಇಬ್ಬರು ಆಳುಗಳು, ಎಡವ ಮತ್ತು ಮುರಾರಿ, ‘ನಾವೇ ಬಲಿಯಾಗುತ್ತೇವೆ, ನಮ್ಮ ಹೆಸರು ಮಾತ್ರ ನಿಮ್ಮ ವಂಶದ ಜೊತೆ ಉಳಿಯಲಿ’ ಅಂದರಂತೆ. ಯಾದವ, ಮುರಾರಿ ಅಂತಲೂ ಹೇಳುತ್ತಾರೆ. ಹಾಗಾಗಿ 1499ರಿಂದ ಲೆಕ್ಕ ಹಿಡಿಯುವ ಕೆಳದಿ ಅರಸು ಮನೆತನದವರ ಶಾಸನಗಳಲ್ಲಿ ರಾಜರ ಹೆಸರಿನ ಮುಂದೆ ‘ಎಡವ ಮುರಾರಿ, ಕೋಟೆ ಕೋಲಾಹಲ’ ಅನ್ನುವ ಬಿರುದು.

ನಾನು ಇಷ್ಟಕ್ಕೆ ಮುಗಿಸಿದ್ದೆ. ಆರನೇ ಕ್ಲಾಸಿನ ಒಬ್ಬಳು ಕೇಳಿದಳು: “ಅವ್ರನ್ನ ಯಾರಾದ್ರೂ ಕೇಳಿದ್ರಾ, ಪೋಸ್ಟಕ್ಕ?”

“ಅವರೇ ಮುಂದೆ ಬಂದ್ರು ಅಂತಿದೆ ಕಣೇ.”

“ಹಂಗಂತ ಯಾರು ಹೇಳಿದ್ದು? ಅವ್ರಂತೂ ಸತ್ತೇ ಹೋಗಿದ್ರಲ್ಲ.”

ಬಸ್ಸು ಬಂತು, ಮಕ್ಕಳು ಕೊಡೆ ಹಿಡಿದು ಓಡಿದರು. ನಾನು ಕೆಸರಾದ ಜಗಲಿ ಒರೆಸುತ್ತ ಅದನ್ನೇ ಯೋಚಿಸುತ್ತಿದ್ದೆ. ಐವತ್ತು ಸಲ ಕೇಳಿದ ಕಥೆಯಲ್ಲಿ ನನಗೆ ಒಂದು ಸಲವೂ ಈ ಪ್ರಶ್ನೆ ಹೊಳೆದಿರಲಿಲ್ಲ. ಆ ರಾತ್ರಿ ಹಳೇ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದ ಮೊದಲ ಸಾಲು ಇದು: ‘ಮುರಾರಿಗೆ ಹನ್ನೆರಡು ವರ್ಷದ ಮಗಳಿದ್ದಳು, ಹೆಸರು ಬೆಳ್ಳಿ.’ ಹೀಗೆ ಶುರುವಾದ ಮಕ್ಕಳ ಕಾದಂಬರಿ ಮುಗಿಯಲು ಮೂರು ವರ್ಷ ಹಿಡಿಯಿತು. ನಾಲ್ಕು ಸಲ ಬರೆದೆ.

ಮೊದಲ ಸಲ ಬರೆದದ್ದನ್ನು ಈಗ ತೆಗೆದು ನೋಡಿದರೆ ನಗು ಬರುತ್ತದೆ. ಬೆಳ್ಳಿ ಹಸಿವಾದಾಗ ಗೇರುಬೀಜ ಸುಟ್ಟು ತಿನ್ನುತ್ತಾಳೆ, ಮನೆಯಲ್ಲಿ ಸೂಜಿಮೆಣಸಿನ ಗೊಜ್ಜು, ಅಡಗಿಕೊಳ್ಳಲು ಲಂಟಾನದ ಪೊದೆ! ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದೇ 1498ರಲ್ಲಿ. ಮೆಣಸಿನಕಾಯಿ, ಗೇರು ಎರಡೂ ಪೋರ್ಚುಗೀಸರ ಹಿಂದೆ ಬಂದವು, ಲಂಟಾನ ಬ್ರಿಟಿಷರ ಕಾಲದ್ದು. ನಮ್ಮ ಅಡುಗೆಮನೆ, ಬೇಲಿಗಳನ್ನೆಲ್ಲ ಒಂದೊಂದಾಗಿ ಖಾಲಿ ಮಾಡುತ್ತ ಹೋದೆ. ಖಾರಕ್ಕೆ ಒಳ್ಳೆಮೆಣಸು, ಹುಳಿಗೆ ಮುರುಗಲು, ಅಡಗಲು ಕೇದಗೆ ಮುಳ್ಳಿನ ಹಿಂಡು, ಬೆಂಕಿಗೆ ಚಕಮಕಿ ಕಲ್ಲು. ಗಂಟೆ, ನಿಮಿಷ ಹೋಗಿ ಜಾವ, ಗಳಿಗೆ ಬಂದವು. ಇದು ಪಂಡಿತರನ್ನು ಮೆಚ್ಚಿಸಲಿಕ್ಕೆ ಮಾಡಿದ ಕೆಲಸ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಖಾಲಿಯಾದಷ್ಟೂ ಕತ್ತಲು ಹೆಚ್ಚಾಯಿತು. ಬೆಂಕಿಪೆಟ್ಟಿಗೆ ಇಲ್ಲದ ಮಳೆಗಾಲದ ರಾತ್ರಿ, ಒಲೆಯ ಕೆಂಡ ಆರಿಹೋದರೆ ಪಕ್ಕದ ಮನೆಗೆ ಹೋಗಿ ಕೆಂಡ ತರಬೇಕು. ಪಕ್ಕದ ಮನೆ ಅಂದರೆ ಒಂದು ಗುಡ್ಡದಾಚೆ. ಹೆದರಿಕೆಗೆ ನಾನು ಬೇರೇನೂ ಸೇರಿಸಬೇಕಾಗಿರಲಿಲ್ಲ.

ಆದರೂ ಸೇರಿಸಿದ್ದೆ. ನಿಧಿ ಕಾಯುವ ಭೂತಕ್ಕೆ ಕೋರೆಹಲ್ಲು, ಕೆಂಪು ಕಣ್ಣು, ಕೊಳೆತ ವಾಸನೆ ಎಲ್ಲ ಕೊಟ್ಟಿದ್ದೆ. ಜಗಲಿಯಲ್ಲಿ ಆ ಅಧ್ಯಾಯ ಓದಿದಾಗ ಹುಡುಗರು ಉಂಬಳ ಕಚ್ಚಿದ ಕಾಲು ಕೆರೆದುಕೊಳ್ಳುತ್ತ ಆರಾಮಾಗಿ ಕೂತಿದ್ದರು. ಕೊನೆಗೆ ಒಬ್ಬ, “ಅದಕ್ಕೆ ವರ್ಷಕ್ಕೊಂದು ಕಾಯಿ ಒಡೆದಿದ್ರೆ ಆಗ್ತಿತ್ತಲ್ಲ?” ಅಂದ. ತಪ್ಪು ನನ್ನದೇ. ಮಲೆನಾಡಿನ ಮಕ್ಕಳಿಗೆ ಭೂತಪ್ಪ, ಚೌಡಿ ಅಂದರೆ ಬನದಲ್ಲಿರುವ ನೆಂಟರಿದ್ದ ಹಾಗೆ. ಸಿಟ್ಟು ಬರುತ್ತದೆ, ಕೊಡುವುದು ಕೊಟ್ಟರೆ ಸುಮ್ಮನಾಗುತ್ತಾರೆ, ತೋಟವನ್ನೂ ಕಾಯುತ್ತಾರೆ. ಅವರನ್ನು ರಾಕ್ಷಸರನ್ನಾಗಿ ಮಾಡಿದರೆ ಇಲ್ಲಿ ಯಾರೂ ನಂಬುವುದಿಲ್ಲ, ನಂಬಲೂಬಾರದು.

ಎರಡನೇ ಸಲ ಬರೆಯುವಾಗ ಭೂತವನ್ನು ಬಿಟ್ಟು ಬಿರುದನ್ನು ಹಿಡಿದೆ. ಬಿರುದನ್ನು ಕೂಗುವುದು ಹೊಗಳುಭಟರ ಕೆಲಸ. ರಾಜ ಸಭೆಗೆ ಬಂದಾಗ, ಕುದುರೆ ಏರಿದಾಗ, ಗುಡಿಗೆ ಹೋದಾಗ, ಪ್ರತಿ ಸಲ ‘ಎಡವ ಮುರಾರಿ’ ಅಂತ ಕೂಗು. ಹೆಸರು ಹಿಡಿದು ಕರೆದರೆ ಸತ್ತವರಿಗೂ ಕೇಳಿಸುತ್ತದೆ ಅಂತ ಅಜ್ಜಿ ಹೇಳುತ್ತಿದ್ದಳು. ಸಂಜೆ ಮೇಲೆ ಕಾಡಿನ ದಾರಿಯಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಬಾರದು ಅನ್ನುವುದೂ ಅದಕ್ಕೇ. ಹಾಗಾದರೆ ಈ ಇಬ್ಬರು ಮಲಗುವುದು ಯಾವಾಗ? ರಾಜನ ಹೆಸರು ಮೊಳಗಿದಾಗಲೆಲ್ಲ ಅವರು ಏಳಲೇಬೇಕು, ಎದ್ದು ಬಂದು ಕೈಕಟ್ಟಿ ನಿಲ್ಲಬೇಕು. ಸತ್ತ ಮೇಲೂ ಜೀತ. ಇದನ್ನು ಓದಿದ ಸಂಜೆ ಜಗಲಿಯಲ್ಲಿ ಯಾರೂ ಕಾಲು ಕೆರೆದುಕೊಳ್ಳಲಿಲ್ಲ.

ಆಮೇಲೆ ಇನ್ನೊಂದು ಕಟ್ಟಳೆ ಮಾಡಿಕೊಂಡೆ. ಬೆಳ್ಳಿ ಅಪ್ಪನನ್ನು ನೋಡಲು ಕಾನಿನೊಳಗೆ, ಅಂದರೆ ದಟ್ಟ ಕಾಡಿನೊಳಗೆ, ಹೋಗಬಹುದು. ಆದರೆ ಹೋದ ಸಲಕ್ಕೊಂದರಂತೆ ಅವಳ ನೆನಪು ಕಳೆಯುತ್ತದೆ. ಮೊದಲು ಅಪ್ಪ ಹಾಡುತ್ತಿದ್ದ ಹಾಡು, ಆಮೇಲೆ ಅವನ ಕಂಬಳಿಕೊಪ್ಪೆಯ ವಾಸನೆ, ಆಮೇಲೆ ಮುಖ. ಮಾಯೆ, ಮಂತ್ರ ಏನೇ ಬಂದರೂ ಅದಕ್ಕೊಂದು ಬೆಲೆ ಇರಬೇಕು, ಆ ಬೆಲೆ ಮಗುವಿಗೆ ಅರ್ಥವಾಗುವ ನಾಣ್ಯದಲ್ಲಿರಬೇಕು. ವರಹ, ಹಣ ಅಂದರೆ ಅವರಿಗೆ ಏನೂ ಅಲ್ಲ. ಅಪ್ಪನ ಮುಖ ಮರೆಯುವುದು ಅಂದರೆ ಗೊತ್ತು.

ಕಾನಿನ ವರ್ಣನೆಗೆ ಕತ್ತಲೆಕಾನಿಗೆ ಹೋಗಿಬಂದೆ. ಜೋಗದಿಂದ ಹೊನ್ನಾವರದ ಘಟ್ಟದ ಕಡೆ ಹೋಗುವಾಗ ಸಿದ್ದಾಪುರ ತಾಲ್ಲೂಕಿನಲ್ಲಿದೆ. ಅಲ್ಲಿನ ಜವುಗಿನಲ್ಲಿ ರಾಮಪತ್ರೆ ಜಾತಿಯ ಮರಗಳ ಬೇರು ಉಸಿರಾಡಲು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಮಂಡಿ ಮಡಿಸಿ ಕೂತ ನೂರಾರು ಜನರನ್ನು ಕಂಡ ಹಾಗಾಯಿತು. ನಾನು ಬರೆದಿದ್ದ ಎರಡು ಪುಟದ ಅಲಂಕಾರ ಹೊಡೆದುಹಾಕಿ ಇದೊಂದನ್ನೇ ಇಟ್ಟೆ.

ಬಲಿಯ ದೃಶ್ಯ ನನ್ನನ್ನು ಎಂಟು ತಿಂಗಳು ಕಾಡಿತು. ತೋರಿಸಿದರೆ ಅದು ತಮಾಷೆ ನೋಡಿದ ಹಾಗಾಗುತ್ತದೆ. ಬಿಟ್ಟರೆ, ಕಥೆ ಹೇಳುತ್ತ ಬಂದವರೆಲ್ಲ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ. ದಾರಿ ಸಿಕ್ಕಿದ್ದು ನಮ್ಮ ಹಳೇ ಒರಳುಗಲ್ಲಿನಿಂದ. ಆ ದಿನ ಬೆಳಗ್ಗೆ ಕೇರಿಯ ಹೆಂಗಸರಿಗೆಲ್ಲ ಒಟ್ಟಿಗೆ ಭತ್ತ ಕುಟ್ಟಲು ಅಪ್ಪಣೆಯಾಗುತ್ತದೆ. ಹಬ್ಬವಿಲ್ಲ, ಮದುವೆಯಿಲ್ಲ, ಇಷ್ಟು ಅಕ್ಕಿ ಯಾತಕ್ಕೆ ಅಂತ ಬೆಳ್ಳಿಗೆ ತಿಳಿಯುವುದಿಲ್ಲ. ಇಪ್ಪತ್ತು ಒನಕೆಗಳು ಒಂದೇ ಸಮ ಬೀಳುತ್ತವೆ. ನಿಲ್ಲಿಸಿ ಅಂದಾಗ ಎಲ್ಲ ಮುಗಿದಿರುತ್ತದೆ. ಆ ಸದ್ದು ಏನನ್ನು ಮುಚ್ಚಲಿಕ್ಕಿತ್ತು ಅನ್ನುವುದನ್ನು ನಾನು ಎಲ್ಲೂ ಹೇಳಿಲ್ಲ. ಜಗಲಿಯಲ್ಲಿ ಓದಿದಾಗ ಚಿಕ್ಕವರು ಸುಮ್ಮನೆ ಮುಂದಿನದಕ್ಕೆ ಕಾದರು, ದೊಡ್ಡವರು ತಲೆ ತಗ್ಗಿಸಿದರು. ಯಾರಿಗೆ ಎಷ್ಟು ಹೊರಲಾಗುತ್ತದೋ ಅಷ್ಟು.

ಇದೇ ಹೊತ್ತಿಗೆ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳು ಸಿಕ್ಕವು. ಇಟಲಿಯ ಪ್ರವಾಸಿ, 1623ರಲ್ಲಿ ಕೆಳದಿಯ ಅರಸು ವೆಂಕಟಪ್ಪನಾಯಕನ ರಾಜಧಾನಿ ಇಕ್ಕೇರಿಗೆ ಬಂದಿದ್ದವನು. ಘಟ್ಟದ ಮೇಲೊಂದು ಗುಡಿಯ ಜಗಲಿಯಲ್ಲಿ ಹುಡುಗರು ಮರಳ ಮೇಲೆ ಬೆರಳಾಡಿಸಿ, ರಾಗವಾಗಿ ಲೆಕ್ಕ ಕಲಿಯುತ್ತಿದ್ದುದನ್ನು ಬರೆದಿದ್ದಾನೆ. ನನಗೆ ಅದನ್ನು ಓದಿ ಕುಣಿಯುವಷ್ಟು ಸಂತೋಷ. ಹತ್ತಾರು ಪುಟದಾಚೆ ಇನ್ನೊಂದಿತ್ತು. ಇಕ್ಕೇರಿಯಲ್ಲಿ ತಮಟೆ ಬಾರಿಸುವವನೊಬ್ಬನ ಹೆಂಡತಿ, ಗಂಡ ಸತ್ತ ಮೇಲೆ ಸಹಗಮನಕ್ಕೆ ಹೊರಟವಳು, ಒಂದು ಕೈಯಲ್ಲಿ ಕನ್ನಡಿ, ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಬೀದಿಯಲ್ಲಿ ಬರುತ್ತಾಳೆ. ಅವನು ಅವಳ ಮನೆಗೇ ಹೋಗಿ ಕೇಳುತ್ತಾನೆ. ನನ್ನ ಇಷ್ಟದಿಂದಲೇ ಸಾಯುತ್ತಿದ್ದೇನೆ ಅನ್ನುತ್ತಾಳೆ. ಅವನ ಕಿವಿಗೆ ‘ಜಕ್ಕಮ್ಮ’ ಅಂತ ಬಿದ್ದ ಹೆಸರನ್ನು ತನ್ನ ಭಾಷೆಯಲ್ಲಿ ಗೀಚಿಕೊಂಡಿದ್ದಾನೆ.

ಮತ್ತೆ ಅದೇ ಮಾತು, ತನ್ನಿಷ್ಟದಿಂದ. ಎಡವ ಮುರಾರಿಗೂ ಅದೇ. ಕೋರೆಹಲ್ಲಿನ ಭೂತವನ್ನು ಹುಡುಕಿಕೊಂಡು ಎರಡು ವರ್ಷ ಕಳೆದಿದ್ದೆ, ನನ್ನ ಕಾದಂಬರಿಯ ಭೂತ ಈ ಮಾತೇ ಆಗಿತ್ತು. ಜಕ್ಕಮ್ಮನನ್ನು ಕಥೆಯೊಳಗೆ ತರಲು ಒಂದು ಅಧ್ಯಾಯ ಬರೆದು, ಆಮೇಲೆ ಕಿತ್ತುಹಾಕಿದೆ. ನಿಜವಾಗಿ ಬದುಕಿದ್ದವಳು. ಅವಳ ಕನ್ನಡಿಯನ್ನು ನನ್ನ ಸಾಹಸಕಥೆಗೆ ಸಾಮಾನು ಮಾಡಿಕೊಳ್ಳಲು ಮನಸ್ಸಾಗಲಿಲ್ಲ. ಆದರೆ ಮೂರನೇ ಸಲದ ಬರಹದಲ್ಲಿ, ‘ಅವರೇ ಮುಂದೆ ಬಂದರು’ ಅಂತ ಯಾರಾದರೂ ಹೇಳಿದಾಗಲೆಲ್ಲ ಆ ಮನೆಯ ಒಂದು ದೀಪ ಆರುತ್ತದೆ. ಯಾಕೆ ಅಂತ ವಿವರಿಸಿಲ್ಲ.

ಈ ಬರಹವನ್ನು ಒಂದು ಪ್ರಕಾಶನಕ್ಕೆ ಕಳಿಸಿದೆ. ಮಕ್ಕಳ ಪುಸ್ತಕದಲ್ಲಿ ಸಾವು ಬೇಡ, ಕೊನೆಗಳಿಗೆಯಲ್ಲಿ ರಾಜನ ಮನಸ್ಸು ಕರಗಿ ಇಬ್ಬರೂ ಉಳಿಯಲಿ ಅಂತ ಉತ್ತರ ಬಂತು. ಬೆಂಗಳೂರಿನಲ್ಲಿ ಕೂತು ಹಾಗೆ ಅನ್ನಿಸಬಹುದು. ನಮ್ಮ ಮಕ್ಕಳು ಮಂಗನ ಕಾಯಿಲೆಯ ಸೀಮೆಯಲ್ಲಿ ಹುಟ್ಟಿದವರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಅಂದರೆ ದರಗು (ಒಣಗಿ ಬಿದ್ದ ಎಲೆ) ತರಲು ಹೋಗಬಾರದು ಅಂತ ಅವರಿಗೆ ಮೂರನೇ ಕ್ಲಾಸಿಗೇ ಗೊತ್ತು. ಸಾವನ್ನು ಮುಚ್ಚಿಟ್ಟರೆ ಅವರು ನನ್ನನ್ನೇ ನಂಬುವುದಿಲ್ಲ. ಹಸ್ತಪ್ರತಿ ವಾಪಸ್ ತರಿಸಿಕೊಂಡೆ. ಅದನ್ನು ನಾನೇ ಮೊಹರು ಒತ್ತಿ, ನನಗೇ ಬಟವಾಡೆ ಮಾಡಿಕೊಂಡೆ.

ಕೊನೆ ಹೇಗೆ ಅನ್ನುವುದು ಬಾಕಿ ಇತ್ತು. ಬೆಳ್ಳಿ ಹೊಗಳುಭಟನ ಬಾಯಿ ಕಟ್ಟಿಸಿ ಇಬ್ಬರನ್ನೂ ಬಿಡಿಸುತ್ತಾಳೆ ಅಂತ ಬರೆದಿದ್ದೆ. ಆ ಹಳೇ ಪ್ರಶ್ನೆಯ ಹುಡುಗಿ, ಆಗ ಎಂಟನೇ ಕ್ಲಾಸು, ಒಪ್ಪಲಿಲ್ಲ. “ಬಿಡಿಸಿದ್ರೆ ಆಮೇಲಿನ ರಾಜ್ರ ಕಲ್ಲಲ್ಲೆಲ್ಲ ಆ ಬಿರುದು ಹೆಂಗೆ ಬಂತು?” ಅಂದಳು. ಇತಿಹಾಸದ ಕಥೆ ಬರೆಯುವವರಿಗೆ ಇರುವ ಕಷ್ಟ ಇದು. ಮಾಯೆಯಿಂದ ಏನು ಬೇಕಾದರೂ ಮಾಡಬಹುದು, ಕಲ್ಲಿನಲ್ಲಿ ಕೆತ್ತಿದ್ದನ್ನು ಅಳಿಸುವ ಹಾಗಿಲ್ಲ. ಶಿವಪ್ಪನಾಯಕ ಬರುತ್ತಾನೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಬರುತ್ತಾಳೆ, ಬಿರುದು ಮೊಳಗುತ್ತಲೇ ಇರುತ್ತದೆ. ಅದು ನಿಂತದ್ದು 1763ರಲ್ಲಿ, ಹೈದರಾಲಿ ಕೆಳದಿಯವರ ಕೊನೆಯ ರಾಜಧಾನಿ ಬಿದನೂರನ್ನು ಹಿಡಿದಾಗ.

ಹಾಗಾಗಿ ನಾಲ್ಕನೇ ಸಲ ಬರೆದೆ. ಬೆಳ್ಳಿಗೆ ಗೆಲುವಿಲ್ಲ. ಅಪ್ಪನ ಮುಖ ಪೂರಾ ಮರೆಯುವ ಮುಂಚೆ ಅವನ ಬಗ್ಗೆ ಗೊತ್ತಿದ್ದುದನ್ನೆಲ್ಲ ಭತ್ತ ಕುಟ್ಟುವ ಹಾಡಿನಲ್ಲಿ ಕಟ್ಟಿ ಕೇರಿಯ ಹುಡುಗಿಯರಿಗೆ ಕಲಿಸುತ್ತಾಳೆ. ಎರಡನೇ ಭಾಗ 1763ರ ಬಿದನೂರು. ಊರು ಸೂರೆ ಹೋಗುತ್ತಿದೆ, ಜನ ಕಾಡಿಗೆ ಓಡುತ್ತಿದ್ದಾರೆ, ಆ ಗಲಾಟೆಯಲ್ಲಿ ಒಬ್ಬ ಹುಡುಗಿಗೆ ಕಲ್ಲುಕಂಬದ ಹಿಂದೆ ಇಬ್ಬರು ಮಲಗಿ ನಿದ್ದೆ ಹೋಗಿರುವುದು ಕಾಣುತ್ತದೆ. ಎಬ್ಬಿಸಬೇಕಾ ಬೇಡವಾ ಅಂತ ನಿಂತುಬಿಡುತ್ತಾಳೆ. ಅವಳಿಗೆ ಆ ಹಾಡು ಬರುತ್ತದೆ, ಯಾರ ಹಾಡು ಅಂತ ಗೊತ್ತಿಲ್ಲ.

ಕೊನೆಗೆ ನಮ್ಮ ಕಡೆಯ ಒಂದು ಸಣ್ಣ ಪ್ರೆಸ್ಸು ಒಪ್ಪಿಕೊಂಡಿತು. ಮುಖಪುಟಕ್ಕೆ ಕೆಳದಿ ಗುಡಿಯ ಚಾವಣಿಯ ಗಂಡಭೇರುಂಡ ಹಾಕೋಣ ಅಂತ ಮಾತಾಯಿತು. ಒಂದು ಮೈ, ಎರಡು ತಲೆ, ಇದಕ್ಕಿಂತ ಸರಿಯಾದ ಚಿತ್ರ ಇನ್ಯಾವುದು?

ಪ್ರೂಫ್ ಬಂದಾಗ ಅಮ್ಮನಿಗೆ ಓದಿ ಹೇಳಿದೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಮೂರು ದಿನ ಅಡಿಕೆ ಸುಲಿಯುತ್ತ ಕೇಳಿದಳು. ಒನಕೆಯ ಅಧ್ಯಾಯಕ್ಕೆ ಮೆಟ್ಟುಗತ್ತಿಯಿಂದ ಕೈ ತೆಗೆದಳು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

“ಅಲ್ಲ ಮಾರಾಯ್ತಿ, ಆ ಮುರಾರಿ ಹೆಂಡತಿ ಹೆಸರೆಂತ?”

ನಾನು ಬಾಯಿ ತೆರೆದೆ, ಹೆಸರು ಬರಲಿಲ್ಲ. ಆ ರಾತ್ರಿ ಕಂಪ್ಯೂಟರ್ ತೆಗೆದು ಹುಡುಕಿದೆ. ‘ಬೆಳ್ಳಿಯ ಅವ್ವ’, ‘ಅವಳ ಅವ್ವ’, ‘ಅವ್ವ’. ಎಲ್ಲ ಸೇರಿ 112 ಕಡೆ. ಬೆಳಗ್ಗೆ ಪ್ರೆಸ್ಸಿನವರಿಗೆ ಫೋನು ಮಾಡಿ ಪ್ಲೇಟು ಹಾಕಬೇಡಿ, ಇನ್ನು ನಾಲ್ಕು ದಿನ ಬೇಕು ಅಂದೆ. ಈಗಾಗಲೇ ಮೂರು ಸಲ ತಡ ಮಾಡಿದ್ದೀರಿ ಮೇಡಂ ಅಂತ ಅವರು ಬೈದರು.