ಮಗನಿಗೆ 18 ತುಂಬಿತೇ? ಗಾರ್ಡಿಯನ್‌ಶಿಪ್ ಅರ್ಜಿ ಹೀಗೆ ಕೊಡಿ

ತಮ್ಮನಿಗೆ 18 ತುಂಬಿದ ಮೇಲೆ ಅವನ ಪೆನ್ಶನ್ ತೆಗೆಯಲು ಬ್ಯಾಂಕಿಗೆ ಹೋದ ಅಮ್ಮ ಬರಿಗೈಯಲ್ಲಿ ಬಂದರು. 'ಅವನೀಗ ಮೇಜರ್, ನಿಮ್ಮ ಸಹಿ ನಡೆಯುವುದಿಲ್ಲ' ಎಂದರಂತೆ. ಹೆಸರು ಕರೆದರೆ ನಗುವುದು ಬಿಟ್ಟರೆ ಅವನಿಗೆ ಮಾತಿಲ್ಲ. ಇಂದಿಗೂ ಅಮ್ಮನೇ ಉಣ್ಣಿಸಬೇಕು. ಆದರೂ ಹೆತ್ತವರ ಸಹಜ ಪಾಲಕತ್ವ (ಗಾರ್ಡಿಯನ್‌ಶಿಪ್) ಕಾನೂನಿನಲ್ಲಿ 18ಕ್ಕೆ ಮುಗಿಯುತ್ತದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ನಮ್ಮ ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳಲ್ಲಿ ಇಂಥ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ, ತಂದೆತಾಯಿ ಮುದುಕರಾಗುತ್ತಿದ್ದಾರೆ. ದಯವಿಟ್ಟು ತಡ ಮಾಡಬೇಡಿ.

ಕೋರ್ಟು, ವಕೀಲರು ಎಂದು ಹೆದರಿ ಸುಮ್ಮನಿರುವವರೇ ಹೆಚ್ಚು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ವೈಕಲ್ಯ ಇರುವವರಿಗೆ ಅದು ಬೇಕಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಯೇ ಗಾರ್ಡಿಯನ್ ನೇಮಿಸುತ್ತದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ನಮಗಾದರೆ ವಿದ್ಯಾನಗರದ ಕಲೆಕ್ಟರೇಟ್. ಕೋಮಾದಲ್ಲಿ ಮಲಗಿದವರ ದಾರಿ ಬೇರೆ, ಅದಕ್ಕೆ ಹೈಕೋರ್ಟಿಗೇ ಹೋಗಬೇಕು.

ಮೊದಲು ಅಂಗವೈಕಲ್ಯದ ಸರ್ಟಿಫಿಕೇಟ್ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸರಿಯಿದೆಯೇ ನೋಡಿ. ಮಗನ ವಯಸ್ಸಿನ ದಾಖಲೆ, ಅವನ ಮತ್ತು ಗಾರ್ಡಿಯನ್ ಆಗುವವರ ಆಧಾರ್, ಫೋಟೋ, ಸಂಬಂಧ ತೋರಿಸುವ ಕಾಗದ ಒಂದೇ ಕವರಿನಲ್ಲಿರಲಿ. ನಮ್ಮನ್ನು ಅಲೆಸಿದ್ದು ಹೆಸರು. ಆಧಾರಿನಲ್ಲಿ ಮನೆ ಹೆಸರಿನ ಒಂದಕ್ಷರ, ಶಾಲೆಯ ಕಾಗದದಲ್ಲಿ ಪೂರ್ತಿ ಮನೆ ಹೆಸರು, ಇನ್ನೊಂದರಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಇಳಿದ ಮೂರನೆಯದೇ ರೂಪ. ಇದನ್ನು ಮೊದಲೇ ಸರಿಪಡಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಬಳಿಕ 'ಫಾರ್ಮ್ ಎ' ತುಂಬಿ ಕಮಿಟಿಗೆ ಕೊಡಿ. ತಂದೆತಾಯಿ ಜೊತೆಯಾಗಿ ಕೊಡಬಹುದು. ಅವರಿಲ್ಲದಿದ್ದರೆ ಒಡಹುಟ್ಟಿದವರು, ಸಂಬಂಧಿಕರೂ ಕೊಡಬಹುದು. ಮಲಯಾಳ ಬಾರದವರು ಹಿಂಜರಿಯಬೇಡಿ: ಇಲ್ಲಿಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕೊಟ್ಟ ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ.

ಕಮಿಟಿ ನೋಡುವುದು ಎರಡು ಸಂಗತಿ: ಇವರಿಗೆ ಗಾರ್ಡಿಯನ್ ನಿಜಕ್ಕೂ ಬೇಕೇ, ಬೇಕಾದರೆ ಯಾವ ಕೆಲಸಕ್ಕೆ. ಕರೆದ ದಿನ ತಮ್ಮನನ್ನೂ ಕರೆದುಕೊಂಡು ಹೋದೆವು. ಹೆಸರೇನೆಂದು ಅಧಿಕಾರಿ ಅವನನ್ನೇ ಕೇಳಿದರು. ಅವನು ಅಮ್ಮನ ಸೆರಗು ಹಿಡಿದು ನಕ್ಕ. ಅವನನ್ನೇ ಕೇಳಿದ್ದು ಅಮ್ಮನಿಗೆ ದೊಡ್ಡ ಸಮಾಧಾನ.

ಆದೇಶ ಕೈಗೆ ಬಂದ ಮೇಲೆ ಪ್ರತಿಯನ್ನು ಬ್ಯಾಂಕಿಗೆ ಕೊಡಿ. ಗಾರ್ಡಿಯನ್ ಎಂದರೆ ಯಜಮಾನನಲ್ಲ ಎಂಬುದು ಮನೆಯವರೆಲ್ಲರಿಗೂ ತಿಳಿದಿರಲಿ, ಮುಖ್ಯವಾಗಿ ಜಾಗ ಪಾಲಾಗುವ ಹೊತ್ತಿನಲ್ಲಿ. ನೇಮಕವಾದ 6 ತಿಂಗಳೊಳಗೆ ಮಗನ ಆಸ್ತಿಪಾಸ್ತಿಯ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ. ಅಲಕ್ಷ್ಯ ಮಾಡಿದರೆ, ಹಣ ನುಂಗಿದರೆ ಕಮಿಟಿ ಗಾರ್ಡಿಯನ್‌ನನ್ನು ತೆಗೆಯಬಹುದು.

ಅಮ್ಮ ಕಾಲವಾದರೆ ಪಾಲಕತ್ವ ತಾನಾಗಿ ನನ್ನ ಕೈಗೆ ಬರುವುದಿಲ್ಲ, ಹೊಸ ಅರ್ಜಿ ಬೇಕು. ಅದಕ್ಕೇ ಅಮ್ಮ ಈಗಲೇ ನನಗೆ ಕಲಿಸುತ್ತಿದ್ದಾರೆ. ದೇವರ ಕೋಣೆಯ ಗೂಡಿನಲ್ಲಿ ಒಂದು ನೋಟುಬುಕ್ಕಿದೆ: ಎಡಕ್ಕೆ ಬಂದ ಪೆನ್ಶನ್, ಬಲಕ್ಕೆ ಫಿಟ್ಸಿನ ಮಾತ್ರೆ, ರಿಕ್ಷಾ ಬಾಡಿಗೆ, ಅವನ ಹೊಸ ಅಂಗಿ.