ವಾಕಿಂಗ್ ಬೇಸ್ ಕಲಿಸುವಾಗ
ದಾವಣಗೆರೆಯಲ್ಲಿ ಬೇಸ್ ಗಿಟಾರ್ ಕಲಿಯುವವರಿಗೆ ಜಾಝ್ ನಡಿಗೆಯನ್ನು (ವಾಕಿಂಗ್ ಬೇಸ್, ಅಂದರೆ ಎಣಿಕೆಗೊಂದು ಸ್ವರದಂತೆ ಸಾಗುವ ನುಡಿಸಾಟ) ಕರ್ನಾಟಕ ಸಂಗೀತದ ಸ್ವರದಲ್ಲೇ ಹೇಳಿಕೊಟ್ಟರೆ ಬೇಗ ಹತ್ತುತ್ತದೆ. ಸಿ ಸೆವೆನ್‌ನಿಂದ ಎಫ್ ಸೆವೆನ್‌ಗೆ, ಅಂದರೆ ಒಂದು ಕಾರ್ಡ್‌ನಿಂದ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಇನ್ನೊಂದಕ್ಕೆ, ಹೋಗಬೇಕೇ? ಸಿಯನ್ನೇ ಷಡ್ಜವೆಂದುಕೊಂಡು ನಾಲ್ಕು ಎಣಿಕೆಗೆ ಷಡ್ಜ, ಅಂತರ ಗಾಂಧಾರ, ಪಂಚಮ, ಪ್ರತಿ ಮಧ್ಯಮ. ಮುಂದಿನ ಮೊದಲ ಎಣಿಕೆಗೆ ಶುದ್ಧ ಮಧ್ಯಮ. ಆ ಪ್ರತಿ ಮಧ್ಯಮವೇ ಇಲ್ಲಿ ಜೀವ: ಅರ್ಧ ಸ್ವರ ಮೇಲಿನಿಂದ ಇಳಿಯುವುದರಿಂದ ಕಾರ್ಡ್ ಬದಲಾಗಲಿದೆ ಎಂದು ಕಿವಿಗೆ ಮೊದಲೇ ಸುಳಿವು ಸಿಗುತ್ತದೆ. ಗಮಕ (ಸ್ವರವನ್ನು ಆಡಿಸುವುದು) ಮಾತ್ರ ಬೇಡ, ಎಷ್ಟೇ ಆಸೆಯಾದರೂ.

ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಎನ್ನುವ ಸಾಧನ) ನಿಮಿಷಕ್ಕೆ 50ಕ್ಕಿಟ್ಟು, ಅದರ ಟಿಕ್ಕುಗಳನ್ನು ಎರಡನೇ ಮತ್ತು ನಾಲ್ಕನೇ ಎಣಿಕೆಯೆಂದು ಹಿಡಿಯಿರಿ. ಆಗ ವೇಗ ನಿಮಿಷಕ್ಕೆ 100 ಎಣಿಕೆ. ಎಲ್ಲರೂ ಲಯ ಬಿಟ್ಟು ಮುಂದೆ ಓಡುವುದು ಇಲ್ಲೇ.

ಎಡಗೈ ಬೆರಳನ್ನು ಬೇಗ ಎತ್ತಿದರೆ ಸ್ವರ ತುಂಡಾಗಿ ನಡಿಗೆ ಕುಂಟುತ್ತದೆ. ಮುಂದಿನದನ್ನು ಮೀಟುವವರೆಗೂ ಒತ್ತಿ ಹಿಡಿಯಲಿ. ಬೇಸಿಗೆಯ ಒಣಹವೆಗೆ ನೆಕ್ (ಗಿಟಾರಿನ ಉದ್ದನೆಯ ಹಿಡಿ) ಹಿಂದಕ್ಕೆ ಬಾಗಿ ತಂತಿ ಗರಗರ ಎಂದರೆ ಟ್ರಸ್ ರಾಡ್ (ನೆಕ್ ಒಳಗೆ ಅದರ ಬಾಗು ಸರಿಪಡಿಸಲು ಇರುವ ಲೋಹದ ಸರಳು) ಸಡಿಲಿಸಿ, ಒಮ್ಮೆಗೆ ಕಾಲು ಸುತ್ತು ಮೀರದಂತೆ.